ಡ್ರೈವರ್ ಬಂದ್ರು, ಡ್ರೈವರ್ ಬಂತು

ಬಸ್‌ಸ್ಟ್ಯಾಂಡಿನಲ್ಲಿ ‘ಡ್ರೈವರ್ ಬಂದ್ರಾ?’ ಅನ್ನುತ್ತೇವೆ. ಕಂಪ್ಯೂಟರಿಗೆ ಫೋನ್ ಚುಚ್ಚಿದಾಗ ‘ಡ್ರೈವರ್ ಬಂತಾ?’ ಅನ್ನುತ್ತೇವೆ. ಮನುಷ್ಯನ ಹೆಸರು ವಸ್ತುವಿಗೆ ದಾಟಿದ್ದನ್ನು ಕನ್ನಡದ ಕ್ರಿಯಾಪದ ಮರೆಮಾಚುವುದಿಲ್ಲ.

‘ಡ್ರೈವರ್’ ಪದದ ಬೇರು ಹಳೆಯ ಇಂಗ್ಲಿಷಿನ ‘ಡ್ರೀಫಾನ್’. ಅರ್ಥ, ಅಟ್ಟು. ದನಕುರಿಗಳನ್ನು ಹಿಂದಿನಿಂದ ಅಟ್ಟಿಕೊಂಡು ಹೋಗುವವನು ಡ್ರೈವರ್. ಎತ್ತು ಕುದುರೆಗಳಿಗೆ ಗಾಡಿ ಕಟ್ಟಿದ ಮೇಲೆ ಗಾಡಿಯವನೂ ಡ್ರೈವರ್. ಆಮೇಲೆ ರೈಲಿನವನು, ಮೋಟಾರಿನವನು. ನಮ್ಮ ‘ಹೊಡೆ’ಯೂ ನಡೆದದ್ದು ಇದೇ ದಾರಿ: ದನ ಹೊಡ್ಕೊಂಡು ಬಾ, ಗಾಡಿ ಹೊಡಿ. ಬಸ್ಸು ಕಾರುಗಳಿಗೆ ‘ಓಡಿಸು’ ಬಂತು, ಸರ್ಕಾರಿ ಬರಹಕ್ಕೆ ಸಂಸ್ಕೃತದ ‘ಚಾಲಕ’ ಬಂತು.

ಎಲೆಕ್ಟ್ರಾನಿಕ್ಸಿನಲ್ಲಿ ಇನ್ನೊಂದು ಭಾಗ ಕೆಲಸ ಮಾಡುವಷ್ಟು ವಿದ್ಯುತ್ತನ್ನು ಒದಗಿಸುವ ಮಂಡಲಕ್ಕೆ ಡ್ರೈವರ್ ಎಂದರು. ಕಂಪ್ಯೂಟರಿನಲ್ಲಿ ಪ್ರಿಂಟರನ್ನೋ ಡಿಸ್ಕನ್ನೋ ದುಡಿಸುವ ಪ್ರೋಗ್ರಾಮಿಗೂ ಅದೇ ಹೆಸರು ನಿಂತಿತು. ಇದನ್ನು ಫ್ರೆಂಚರು ‘ಪಿಲೋತ್’ ಎನ್ನುತ್ತಾರೆ, ಅಂದರೆ ಚುಕ್ಕಾಣಿ ಹಿಡಿದವನು. ಜರ್ಮನರು ‘ಟ್ರೈಬರ್’ ಎನ್ನುತ್ತಾರೆ. ದನ ಅಟ್ಟುವವನಿಗೂ ಅವರಲ್ಲಿ ಅದೇ ಪದ, ಬೇರೂ ಡ್ರೈವರಿನದೇ. ನನಗೆ ಜರ್ಮನರ ಆಯ್ಕೆ ಸರಿ ಕಾಣುತ್ತದೆ. ಈ ಪ್ರೋಗ್ರಾಮು ಸಾಧನದೊಳಗೆ ಕೂರುವುದಿಲ್ಲ. ಹೊರಗೆ ನಿಂತು, ಸಾಧನಕ್ಕೆ ಅರ್ಥವಾಗುವ ಆಜ್ಞೆಗಳಿಂದ ಅದನ್ನು ನಡೆಸುತ್ತದೆ. ‘ಚಾಲಕ’ಕ್ಕಿಂತ ‘ಹೊಡೆಯುವವನು’ ಇದಕ್ಕೆ ಹತ್ತಿರ.

ಯಾವ ಸಾಧನಕ್ಕೆ ಯಾವ ಡ್ರೈವರ್ ಎಂದು ಕಂಪ್ಯೂಟರಿಗೆ ತಿಳಿಯಬೇಕಲ್ಲ? 1996ರಲ್ಲಿ ಬಂದ ಯುಎಸ್‌ಬಿ ವ್ಯವಸ್ಥೆಯಲ್ಲಿ ಪ್ರತಿಯೊಂದು ಸಾಧನವೂ ಮೊದಲು ಎರಡು ಸಂಖ್ಯೆ ಒಪ್ಪಿಸುತ್ತದೆ, 16 ಬಿಟ್‌ಗಳವು: ಒಂದು ತಯಾರಕರದು, ಇನ್ನೊಂದು ಮಾದರಿಯದು. ಹದಿನಾರರ ಎಣಿಕೆಯಲ್ಲಿ ಬರೆದರೆ ನೋಕಿಯಾದ್ದು 0421, ಗೂಗಲ್‌ನದು 18ಡಿ1. ಆ ಸಂಖ್ಯೆಗಳನ್ನೋ ಸಾಧನದ ಬಗೆಯನ್ನೋ ನೋಡಿ ‘ನನ್ನದು’ ಎನ್ನುವ ಡ್ರೈವರ್ ಸಿಗದಿದ್ದರೆ ಫೋನ್ ಚಾರ್ಜ್ ಆದೀತು, ಒಳಗಿನ ನಂಬರುಗಳೂ ಮೆಸೇಜುಗಳೂ ಮಾತ್ರ ಈಚೆ ಬಾರವು. ಅವನ್ನು ಈಚೆ ತರುವ ನೋಕಿಯಾದ ಪ್ರೋಗ್ರಾಮು ‘ಪಿಸಿ ಸ್ವೀಟ್’ ವಿಂಡೋಸಿಗಷ್ಟೇ ಇತ್ತು. ಆದ್ದರಿಂದ ಲಿನಕ್ಸಿನವರು ಆ ಫೋನುಗಳ ‘ಎಫ್‌ಬಸ್’ ಭಾಷೆಯನ್ನು ತಾವೇ ಬಿಡಿಸಿ ‘ಗ್ನೋಕಿ’ ಎಂಬ ಪ್ರೋಗ್ರಾಮು ಬರೆದರು. ಅದರಿಂದ ಕವಲೊಡೆದದ್ದು ‘ಗ್ಯಾಮು’. ತಮ್ಮದೇ ಫೋನಿನ ತಮ್ಮದೇ ಮಾಹಿತಿಗಾಗಿ ಇಷ್ಟು ಶ್ರಮಪಟ್ಟವರ ಮೇಲೆ ನನಗೆ ದೊಡ್ಡ ಗೌರವವಿದೆ.

ವಿಂಡೋಸಿನಲ್ಲಿ ಮನೆಯಲ್ಲೇ ಮಾಡಿದ ಡ್ರೈವರ್ ಎಂದರೆ ಎಷ್ಟೋ ಸಲ ಇಷ್ಟೇ: ಗೂಗಲ್ ಕೊಟ್ಟ ಆಂಡ್ರಾಯ್ಡ್ ಡ್ರೈವರಿನಲ್ಲಿ ಅದು ಒಪ್ಪುವ ಸಾಧನಗಳ ಪಟ್ಟಿಯಿರುವ ‘ಐಎನ್‌ಎಫ್’ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ತಮ್ಮ ಫೋನಿನ ಎರಡು ಸಂಖ್ಯೆ ಸೇರಿಸುವುದು. ಆದರೆ ತಿದ್ದಿದೊಡನೆ ಅದರ ಡಿಜಿಟಲ್ ಸಹಿ ಕೆಡುತ್ತದೆ. 64 ಬಿಟ್ ವಿಂಡೋಸಿನಲ್ಲಿ, ವಿಸ್ತಾ ಬಂದಾಗಿನಿಂದ, ವ್ಯವಸ್ಥೆಯ ತಿರುಳಾದ ಕರ್ನಲ್ಲಿಗೆ ಇಳಿಯುವ ಡ್ರೈವರಿಗೆ ಸಹಿ ಕಡ್ಡಾಯ. ಕರ್ನಲ್ಲಿಗೆ ಹೊಕ್ಕ ಪ್ರೋಗ್ರಾಮು ಇಡೀ ಯಂತ್ರವನ್ನೇ ಕೈವಶ ಮಾಡಿಕೊಳ್ಳಬಲ್ಲದು, ಹಾಗಾಗಿ ಆ ಕಾವಲು ಬೇಕಾದದ್ದೇ.

ನಾವೇ ಬರೆದ ಡ್ರೈವರನ್ನು ಕರ್ನಲ್ಲಿಗೆ ಇಳಿಸದೆಯೇ ಸಾಧನವನ್ನು ನಡೆಸಲು ‘ಲಿಬ್‌ಯುಎಸ್‌ಬಿ’ ಎಂಬ ಸಾಫ್ಟ್‌ವೇರ್ ಲೈಬ್ರರಿ ಒಂದು ದಾರಿ ಮಾಡಿತು. ಲಿನಕ್ಸಿನಲ್ಲಿ ಕರ್ನಲ್ಲೇ ಯುಎಸ್‌ಬಿಯ ಬಾಗಿಲು ತೆರೆದುಕೊಡುತ್ತದೆ, ವಿಂಡೋಸಿನಲ್ಲಿ ಮೈಕ್ರೋಸಾಫ್ಟಿನದೇ ‘ವಿನ್‌ಯುಎಸ್‌ಬಿ’. ಅವು ಆಜ್ಞೆಗಳನ್ನು ದಾಟಿಸುತ್ತವೆ, ಅಷ್ಟೇ. ಫೋನಿನ ಭಾಷೆ ಬಲ್ಲದ್ದು ಕರ್ನಲ್ಲಿನ ಹೊರಗಿರುವ, ನಾವೇ ಬರೆದ ಸಾಧಾರಣ ಪ್ರೋಗ್ರಾಮು. ಡ್ರೈವರ್ ಎಂಬ ಹೆಸರನ್ನು ಈಗಲೂ ಕರ್ನಲ್ಲಿನ ಒಳಗಿನ ತುಂಡಿಗೇ ಕೊಡುವುದು ರೂಢಿ. ಆದರೆ ಫೋನನ್ನು ನಿಜವಾಗಿ ಹೊಡೆಯುತ್ತಿರುವುದು ಹೊರಗಿನದು. ಪದದ ಬೇರು ನೋಡಿದರೆ ಹೆಸರು ಸಲ್ಲಬೇಕಾದದ್ದೂ ಅದಕ್ಕೇ.