ಅಂಗಳದ ತುಳಸಿ, ಹಿತ್ತಲ ಕಾಮಕಸ್ತೂರಿ

ತುಳಸಿ ಎಂದೊಡನೆ ನಮಗೆಲ್ಲ ಕಣ್ಣಿಗೆ ಕಟ್ಟುವುದು ಮನೆಯ ಮುಂದಿನ ಕಟ್ಟೆ, ಅದರ ಸುತ್ತ ರಂಗೋಲಿ, ಸಂಜೆಯ ದೀಪ. ಆ ಗಿಡಕ್ಕೂ ಒಂದು ಬಳಗವಿದೆ, ಅಕ್ಕತಂಗಿಯರಿದ್ದಾರೆ, ಅವರಲ್ಲಿ ಪೂಜೆಗೆ ಕೂತವಳು ಒಬ್ಬಳಾದರೆ ಹಿತ್ತಲಲ್ಲಿ ದುಡಿದವರು ನಾಲ್ಕಾರು ಮಂದಿ ಎಂಬುದು ಈಗ ಬಹುಮಟ್ಟಿಗೆ ಮರೆತುಹೋಗಿದೆ.

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಲ್ಲಿದ್ದ ನಮ್ಮ ಅಜ್ಜಿಯ ಮನೆಯಲ್ಲಿ ಈ ಬಳಗಕ್ಕೆ ಜಾಗ ಹಂಚಿಕೆಯಾಗಿತ್ತು. ಅಂಗಳದ ಕಟ್ಟೆಯಲ್ಲಿ ಹಸಿರೆಲೆಯ ಶ್ರೀತುಳಸಿ. ಪಡಸಾಲೆಯ ಪಕ್ಕದಲ್ಲಿ ಕಪ್ಪು ನೇರಳೆ ಬಣ್ಣದ ಕೃಷ್ಣತುಳಸಿ. ಹಿತ್ತಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಕಾಮಕಸ್ತೂರಿಯ ಸಾಲು. ಬೇಲಿಯ ಬುಡದಲ್ಲಿ ಯಾರೂ ನೆಡದೆ ಹುಟ್ಟಿಕೊಂಡ ನಾಯಿತುಳಸಿ. "ದೇವರ ಗಿಡ ಮುಂದಿರಲಿ, ಮನುಷ್ಯರ ಗಿಡ ಹಿಂದಿರಲಿ" ಎನ್ನುತ್ತಿದ್ದರು ಅಜ್ಜಿ. ಶ್ರಾವಣದ ಶನಿವಾರ ಮಾವಿನಕೆರೆ ಬೆಟ್ಟದ ರಂಗನಾಥನಿಗೆ ಮಾಲೆ ಹೋಗುತ್ತಿದ್ದುದು ಅಂಗಳದ ಗಿಡದಿಂದ. ನಮ್ಮ ಜಡೆಗೆ ಏರುತ್ತಿದ್ದುದು ಹಿತ್ತಲ ಗಿಡದಿಂದ.

ವಿದ್ವಾಂಸರ ಲೆಕ್ಕ ಬೇರೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ನಮ್ಮ ತುಳಸಿಗೆ 1753ರಲ್ಲಿ ಒಂದು ಹೆಸರಿಟ್ಟ, 1767ರಲ್ಲಿ ಮತ್ತೊಂದು. ಮೊದಲನೆಯದು ಆಸಿಮಮ್ ಟೆನುಯಿಫ್ಲೋರಮ್, ಅಂದರೆ ಸಪೂರ ಹೂವಿನದು. ಎರಡನೆಯದು ಆಸಿಮಮ್ ಸ್ಯಾಂಕ್ಟಮ್, ಅಂದರೆ ಪವಿತ್ರವಾದದ್ದು. ಎರಡೂ ಒಂದೇ ಗಿಡವೆಂದು ತಿಳಿದ ಮೇಲೆ ಮೊದಲಿಟ್ಟ ಹೆಸರೇ ನಿಂತಿತು. ಹೀಗೆ ಶಾಸ್ತ್ರದ ಪುಸ್ತಕದಲ್ಲಿ ತುಳಸಿ ಪಾವಿತ್ರ್ಯ ಕಳೆದುಕೊಂಡು ಬರೀ ಸಪೂರ ಹೂವಿನವಳಾದಳು! ಹಸಿರು ತುಳಸಿ, ಕಪ್ಪು ತುಳಸಿ ಎರಡೂ ಅವರ ಪ್ರಕಾರ ಒಂದೇ ಜಾತಿ, ಬಣ್ಣ ಮಾತ್ರ ಬೇರೆ. ಕಾಮಕಸ್ತೂರಿಯೋ ಆಸಿಮಮ್ ಬೇಸಿಲಿಕಮ್. ಗ್ರೀಕರ 'ರಾಜ' ಎಂಬ ಪದದಿಂದ ಬಂದ ಹೆಸರದು. ನಾವು ಬಚ್ಚಲ ಹಿಂದೆ ನಿಲ್ಲಿಸಿದವಳನ್ನು ಅವರು ರಾಣಿಯಾಗಿಸಿದ್ದಾರೆ. ಆಳೆತ್ತರ ಬೆಳೆದು ಲವಂಗದಂತೆ ಘಮಘಮಿಸುವ ಇನ್ನೊಂದಿದೆ, ಆಸಿಮಮ್ ಗ್ರಾಟಿಸಿಮಮ್. ಅದನ್ನು ಕೆಲವರು ರಾಮತುಳಸಿ ಎಂದರೆ, ಇನ್ನು ಕೆಲವರು ಆ ಹೆಸರನ್ನು ಅಂಗಳದ ಹಸಿರು ತುಳಸಿಗೇ ಕೊಡುತ್ತಾರೆ. ಹೆಸರು ಕೇಳಿ ಗಿಡ ತರುವುದಕ್ಕಿಂತ ಎಲೆ ಉಜ್ಜಿ ಮೂಸಿ ನೋಡಿ ತರುವುದೇ ಲೇಸು.

ಇತಿಹಾಸದಲ್ಲಿ ಈ ಗಿಡಗಳಿಗೆ ಎಷ್ಟು ಜಾಗ ಸಿಕ್ಕಿದೆ? ನಮ್ಮದು ಹೊಯ್ಸಳರು ಆಳಿದ ಸೀಮೆ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಕಲೆಹಾಕಿ 1902ರಲ್ಲಿ ಒಂದು ದೊಡ್ಡ ಸಂಪುಟವನ್ನೇ ಹೊರತಂದರು. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ದೇವರ ನೈವೇದ್ಯಕ್ಕೆ, ನಂದಾದೀಪಕ್ಕೆ, ಹೂದೋಟಕ್ಕೆ ಭೂಮಿ ಬಿಟ್ಟ ವಿವರಗಳು ಸಿಗುತ್ತವೆ. ದೇವರ ತೋಟ ಕಲ್ಲಿನಲ್ಲಿ ಉಳಿಯಿತು. ಹೆಂಗಸರ ಹಿತ್ತಲನ್ನು ಬರೆದಿಡಲು ಯಾರೂ ಕಲ್ಲು ನೆಡಿಸಲಿಲ್ಲ. ಆ ಹಿತ್ತಲಿನ ದಾಖಲೆ ಎಂದರೆ ಬೀಜ ಒಂದೇ.

ಈ ಸಣ್ಣ ಗಿಡಕ್ಕೆ ಸರ್ಕಾರಗಳು ಹೆದರಿದ್ದೂ ಉಂಟು. ಪೋರ್ಚುಗೀಸರ ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣೆಯ ನ್ಯಾಯಾಲಯವಿತ್ತು. 1736ರಲ್ಲಿ ಅದು ಹೊರಡಿಸಿದ ಆಜ್ಞೆಯೊಂದು ಮತಾಂತರಗೊಂಡವರ ಹಳೆಯ ರೂಢಿಗಳನ್ನೆಲ್ಲ ಪಟ್ಟಿಮಾಡಿ ನಿಷೇಧಿಸಿತು. ಮನೆಯಲ್ಲಾಗಲಿ ಅಂಗಳದಲ್ಲಾಗಲಿ ತುಳಸಿ ಬೆಳೆಸಕೂಡದು ಎಂಬುದೂ ಆ ಪಟ್ಟಿಯಲ್ಲಿತ್ತು. ಮತ ಬದಲಾದರೂ ಬೆಳಗ್ಗೆ ಎದ್ದು ಗಿಡಕ್ಕೊಂದು ಚೊಂಬು ನೀರು ಹಾಕುವ ಕೈ ಬದಲಾಗಿರಲಿಲ್ಲ ಎಂದಲ್ಲವೇ ಇದರ ಅರ್ಥ? ಎಲ್ಲರೂ ಬಿಟ್ಟಿದ್ದರೆ ಆಜ್ಞೆಯೇ ಬೇಕಿರಲಿಲ್ಲ.

ಇನ್ನು ಹಿತ್ತಲಿಗೆ ಬರೋಣ. ಕಾಮಕಸ್ತೂರಿ ಎಂಬ ಹೆಸರೇ ಎಷ್ಟು ಚೆಂದ! ಬೇಂದ್ರೆಯವರೂ ತಮ್ಮ ಕವನ ಸಂಗ್ರಹವೊಂದಕ್ಕೆ ಈ ಹೆಸರನ್ನು ಇಟ್ಟುಕೊಂಡರು. ಮರುಗ, ದವನದ ಹಾಗೆ ಇದನ್ನೂ ಕನಕಾಂಬರದ ನಡುನಡುವೆ ಸೇರಿಸಿ ಕಟ್ಟುತ್ತಿದ್ದರು. ಇದರ ಬೀಜವನ್ನು ನೀರಿಗೆ ಹಾಕಿದರೆ ಗಳಿಗೆಯಲ್ಲಿ ಉಬ್ಬಿ, ಮೈತುಂಬ ಲೋಳೆ ತಳೆದು, ಕಪ್ಪೆಯ ಮೊಟ್ಟೆಯ ಹಾಗಾಗುತ್ತದೆ. ಸಕ್ಕರೆ, ನಿಂಬೆರಸ ಬೆರೆಸಿದರೆ ಬೇಸಿಗೆಯ ಪಾನಕ. ಮುಸಲ್ಮಾನರ ಮನೆಗಳಲ್ಲಿ ಇದೇ ಸಬ್ಜಾ. ಶರಬತ್ತಿಗೆ, ಫಾಲೂದಾಕ್ಕೆ ಇದೇ ಬೇಕು. ದೂರದ ಗ್ರೀಸ್ ದೇಶದ ಇಗರ್ಜಿಗಳಲ್ಲಿ ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬದ ದಿನ ಈ ಗಿಡದ ಕೊಂಬೆಗಳನ್ನು ಶಿಲುಬೆಯ ಸುತ್ತ ಇಟ್ಟು, ಆಮೇಲೆ ಭಕ್ತರಿಗೆ ಹಂಚುತ್ತಾರೆ. ನಾವು ಮನುಷ್ಯರ ಗಿಡ ಎಂದದ್ದು ಅಲ್ಲಿ ದೇವರ ಗಿಡ.

ನಮ್ಮ ಹಿತ್ತಲಿನ ಕಾಮಕಸ್ತೂರಿಗೆ ಇನ್ನೊಂದು ಕಥೆ ಸೇರಿದ್ದು ಹೇಮಾವತಿಯಿಂದ. ನಮ್ಮ ಸೋದರತ್ತೆಯನ್ನು ಗೊರೂರಿನ ಮೇಲಿನ, ಹೊಳೆದಂಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡರು. ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ನೀರಿನೊಳಗೆ ನಿಲ್ಲುವುದನ್ನು ನೋಡಲು ಇಂದು ಪ್ರವಾಸಿಗರು ಬರುತ್ತಾರೆ. ಆ ಹಿನ್ನೀರಿನ ಅಡಿಯಲ್ಲಿ ಎಷ್ಟೋ ಮನೆಗಳ ಹಿತ್ತಲುಗಳೂ ಇವೆ. ಅತ್ತೆ ತವರಿಗೆ ಬಂದಾಗ ಒಂದು ಟ್ರಂಕು, ಎರಡು ಹಿತ್ತಾಳೆ ಕೊಡ, ಸೆರಗಿನ ಗಂಟಿನಲ್ಲಿ ಅವರ ಅತ್ತೆ ಕಾಪಾಡಿಕೊಂಡು ಬಂದಿದ್ದ ಕಾಮಕಸ್ತೂರಿಯ ಬೀಜ ತಂದಿದ್ದರು.

ಅದು ನಮ್ಮದಕ್ಕಿಂತ ಬೇರೆ. ನಮ್ಮದು ಲವಂಗದ ಘಾಟು, ಅವರದು ಸೋಂಪಿನ ಸಿಹಿ. ನಮ್ಮದರ ದಂಟು ಹಸಿರು, ಅವರದು ಕೆನ್ನೀಲಿ. ಆಗೆಲ್ಲ ಗಂಡ ಸತ್ತವರು ಹೂ ಮುಡಿಯುವಂತಿರಲಿಲ್ಲ. ಅತ್ತೆ ದಿನಾ ಸಂಜೆ ನಾಲ್ಕು ಕುಡಿ ಚಿವುಟಿ ನಮ್ಮ ಜಡೆಗೆ ಸಿಕ್ಕಿಸಿ, ತಮ್ಮ ಬೆರಳನ್ನೊಮ್ಮೆ ಮೂಸಿಕೊಳ್ಳುತ್ತಿದ್ದರು. "ಮುಡೀಬೇಡ ಅಂದ್ರು ಕಣವ್ವ, ಬೆಳೀಬೇಡ ಅಂತ ಯಾರೂ ಅನ್ನಲಿಲ್ಲ" ಎಂದು ಒಮ್ಮೆ ಹೇಳಿದ್ದು ನೆನಪಿದೆ.

ಎರಡು ಸಾಲುಗಳೂ ಒಂದೇ ಹಿತ್ತಲಲ್ಲಿ ಬೆಳೆದವು. ಕಾಮಕಸ್ತೂರಿಯ ಹೂವಿಗೆ ಜೇನು ಮುತ್ತುವುದು ಜಾಸ್ತಿ. ಒಂದರ ಪರಾಗ ಇನ್ನೊಂದಕ್ಕೆ ಸೇರಿ, ನಾಲ್ಕೈದು ವರ್ಷದಲ್ಲಿ ಬಿದ್ದ ಬೀಜದಿಂದ ಹುಟ್ಟಿದ ಸಸಿಗಳು ಅತ್ತ ಅಜ್ಜಿಯದೂ ಅಲ್ಲ, ಇತ್ತ ಅತ್ತೆಯದೂ ಅಲ್ಲ ಎಂಬಂತಾದವು. ದಂಟು ಕೆಂಪಗೆ, ವಾಸನೆ ಲವಂಗ ಸೋಂಪು ಎರಡರ ನಡುವಿನದು. ಮುಳುಗಿದ ಊರು ಮುಳುಗದ ಊರಿನೊಳಗೆ ಹೀಗೆ ಬೆರೆತುಹೋಯಿತು. ಅಜ್ಜಿಯೂ ಅತ್ತೆಯೂ ಈಗಿಲ್ಲ. ನನ್ನ ಹಾಸನದ ಮನೆಯ ಮಹಡಿಯ ಕುಂಡಗಳಲ್ಲಿರುವುದು ಆ ಬೆರಕೆಯ ಸಂತಾನ.

ನೀವೂ ಬೆಳೆಸುವುದಾದರೆ ಕಷ್ಟವೇನಿಲ್ಲ. ಬೀಜ ಸಾಸಿವೆಗಿಂತ ಸಣ್ಣದು. ಮರಳಿನಲ್ಲಿ ಬೆರೆಸಿ ಉದುರಿಸಿ, ಮೇಲೆ ದಪ್ಪಗೆ ಮಣ್ಣು ಮುಚ್ಚಬೇಡಿ, ಕೈಯಲ್ಲಿ ನೀರು ಚಿಮುಕಿಸಿ. ತೆನೆ ಬಂದ ಹಾಗೆಲ್ಲ ಚಿವುಟುತ್ತಿದ್ದರೆ ಗಿಡ ಪೊದೆಯಾಗಿ ಬಹಳ ದಿನ ಬಾಳುತ್ತದೆ. ಬಿಟ್ಟರೆ ಬೀಜ ಕಟ್ಟಿ, ಕಡ್ಡಿಯಾಗಿ ಒಣಗುತ್ತದೆ. ದ್ವಾದಶಿಯಂದು ತುಳಸಿ ಕೀಳಬಾರದು, ಮುಸ್ಸಂಜೆ ಮುಟ್ಟಬಾರದು ಎಂದು ಹಿರಿಯರು ಹಾಕಿದ ಕಟ್ಟಳೆಗಳಿಂದ ಗಿಡಕ್ಕೂ ಒಂದಿಷ್ಟು ಬಿಡುವು ಸಿಗುತ್ತಿತ್ತು. ನಿಮ್ಮಲ್ಲಿರುವ ತಳಿ ಬೆರಕೆಯಾಗಬಾರದು ಎಂದಿದ್ದರೆ ಹೂ ಅರಳುವ ಮೊದಲೇ ಒಂದು ತೆನೆಗೆ ತೆಳುಬಟ್ಟೆಯ ಪುಟ್ಟ ಚೀಲ ಕಟ್ಟಿ. ಆ ತೆನೆ ಕಂದು ತಿರುಗಿ ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಬೀಜವನ್ನು ಕಾಗದದಲ್ಲಿ ಕಟ್ಟಿಡಿ.

ಈಗ ಪೇಟೆಯ ಅಂಗಡಿಗಳಲ್ಲಿ 'ಬೇಸಿಲ್' ಎಂದು ಚೀಟಿ ಅಂಟಿಸಿದ ಬೀಜದ ಪೊಟ್ಟಣ ಸಿಗುತ್ತದೆ. ಪಿಜ್ಜಾದ ಮೇಲೆ ಉದುರಿಸುವ ಆ ಎಲೆ ನಮ್ಮ ಕಾಮಕಸ್ತೂರಿಯ ಖಾಸಾ ಒಡಹುಟ್ಟು. ಮಕ್ಕಳು ತಂದು ಬೆಳೆಸಲಿ, ಸಂತೋಷವೇ. ಆದರೆ ಪೊಟ್ಟಣದ ಬೀಜ ಮುಗಿದರೆ ಮತ್ತೊಂದು ಪೊಟ್ಟಣ ಸಿಗುತ್ತದೆ. ತಾಯಿಯ ಮನೆಯ ಹಿತ್ತಲಲ್ಲಿ ಇನ್ನೂ ಉಳಿದಿರುವ ಹಳೆಯ ಕಾಮಕಸ್ತೂರಿ ಒಂದು ಬೇಸಿಗೆಯಲ್ಲಿ ಒಣಗಿದರೆ ಅದು ಎಲ್ಲೂ ಸಿಗುವುದಿಲ್ಲ. ಮುಂದಿನ ಸಲ ತವರಿಗೆ ಹೋದಾಗ ಒಂದು ಒಣಗಿದ ತೆನೆ ಕೇಳಿ ತನ್ನಿ. ಯಾರ ಕಾಲದ್ದು, ಯಾರು ತಂದದ್ದು ಎಂದೂ ಕೇಳಿ, ಕಟ್ಟಿದ ಕಾಗದದ ಮೇಲೆ ಆ ಹೆಸರನ್ನು ಬರೆದಿಡಿ.