ಮುಂದೆ ರಸ್ತೆ, ಹಿಂದೆ ಸಂದಿ



ನಿನ್ನೆ ಆಫೀಸ್ ಮುಗಿಸ್ಕೊಂಡು ಬಾಡಿಗೆ ಮನೆ ಹುಡುಕ್ತಾ ಮಲ್ಲೇಶ್ವರಕ್ಕೆ ಹೋಗಿದ್ದೆ. ಒಂದು ಸಂದಿಯ ಗೋಡೆ ತುಂಬಾ ಬಣ್ಣದ ಚಿತ್ರ, ಫೋಟೋ ತೆಗೀತಿದ್ದ ಹುಡುಗ್ರು. ಆ ಸಂದಿ ಅಲ್ಲಿ ಯಾಕಿದೆ ಅಂತ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಹೊರಟ ಜನರಿಂದ ಬೆಳೆದದ್ದು ಮಲ್ಲೇಶ್ವರ, ಬಸವನಗುಡಿ. ನೇರ ರಸ್ತೆ, ಗಾಳಿ ಬೆಳಕು, ಮನೆ ಸುತ್ತ ಜಾಗ. ವೈಜ್ಞಾನಿಕ ಬಡಾವಣೆ ಅಂತಾರೆ, ಒಪ್ಪೋಣ. ಆದ್ರೆ ಸೈಟುಗಳನ್ನ ಜಾತಿ, ಧರ್ಮ ನೋಡಿ ಬ್ಲಾಕ್ ಬ್ಲಾಕಾಗಿ ವಿಂಗಡಿಸಿದ್ದು ಯಾವ ವಿಜ್ಞಾನ ಸ್ವಾಮಿ?

ಎರಡು ಸಾಲು ಮನೆಗಳ ಬೆನ್ನಿನ ನಡುವೆ ಬಿಟ್ಟ ಆ ಸಂದಿಯ ಹೆಸರು ಕನ್ಸರ್ವೆನ್ಸಿ ಲೇನ್. ಮನೆಮನೆಗೂ ಒಳಚರಂಡಿ ಇಲ್ಲದ ಕಾಲ. ಹಿತ್ತಲ ಕಕ್ಕಸಿನ ಮಲ ಬಾಚಿ ಹೊತ್ತೊಯ್ಯುತ್ತಿದ್ದವರು ನಮ್ಮವರು. ಅವರು ಮುಂಬಾಗಿಲ ಕಡೆ ಸುಳಿಯದೆ ಬಂದು ಹೋಗೋಕೆ ಈ ದಾರಿ. ಹಳ್ಳಿಯಲ್ಲಿ ಕೇರಿ ಊರಾಚೆ ಇತ್ತು. ಇಲ್ಲಿ ಅಸ್ಪೃಶ್ಯತೆಗೆ ಎಂಜಿನಿಯರ ನಕ್ಷೆಯಲ್ಲೇ ಅಳತೆ ಹಾಕಿ ಜಾಗ ಕೊಟ್ಟರು.

ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸೋಕೆ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯ್ತು. ಅದೇ ದಶಕದಲ್ಲಿ ಒಂದು ಕಾಯ್ದೆಯೂ ಬಂತು. ಊರ ಕೊಳಚೆ ತೆಗೆದವರು ವಾಸ ಮಾಡೋ ಜಾಗಕ್ಕೇ ಅದರಲ್ಲಿ 'ಕೊಳಚೆ ಪ್ರದೇಶ' ಅಂತ ಹೆಸರು!

ಅಂದಹಾಗೆ, ನಿನ್ನೆ ನೋಡಿದ ಮನೆ ಚೆನ್ನಾಗಿತ್ತು. ಓನರು ಕಾಫಿ ಕೊಟ್ರು. ಆಮೇಲೆ "ನೀವು ಯಾವ ಪೈಕಿ?" ಅಂದ್ರು. ಹೇಳಿದೆ. "ಅಯ್ಯೋ, ಬೇರೆಯವರು ಅಡ್ವಾನ್ಸ್ ಕೊಟ್ಟುಬಿಟ್ಟಿದ್ದಾರಲ್ಲಾ" ಅಂದ್ರು. ಟು-ಲೆಟ್ ಬೋರ್ಡು ಇವತ್ತು ಬೆಳಿಗ್ಗೆಯೂ ಗೇಟಲ್ಲೇ ನೇತಾಡ್ತಿತ್ತು.