ಮಾನ್ವಿಯ ಆಚಾರ್ಯರು ತಂಬೂರಿ ಹಿಡಿದದ್ದು

ರಾಯಚೂರು ನಗರದ ಹಳೆಯ ಓಣಿಗಳ ಮನೆಗಳಲ್ಲಿ, ಮಠಗಳಲ್ಲಿ ಹೆಣ್ಣುಮಕ್ಕಳು ಕೂಡಿ ‘ಹರಿಕಥಾಮೃತಸಾರ’ ಪಾರಾಯಣ ಮಾಡುವುದು ಇಂದಿಗೂ ಉಂಟು. ಎಷ್ಟೋ ಜನರಿಗೆ ಅದು ಬಾಯಿಪಾಠ. ಆದರೆ ಈ ಕನ್ನಡ ಗ್ರಂಥವನ್ನು ರಚಿಸಿದ ಜಗನ್ನಾಥದಾಸರು ಒಂದು ಕಾಲಕ್ಕೆ ಕನ್ನಡದ ಪದಗಳನ್ನೂ ಅವನ್ನು ಹಾಡುವವರನ್ನೂ ಹಗುರವಾಗಿ ಕಂಡಿದ್ದರೆಂದು ಸಂಪ್ರದಾಯವೇ ಹೇಳುತ್ತದೆ.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡು ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯದ ಎರಡನೆಯ ಸುಗ್ಗಿಯನ್ನು ಕಂಡಿತು. ಪುರಂದರದಾಸರ ಕಾಲದ ನಂತರ ಮಂಕಾಗಿದ್ದ ಪರಂಪರೆಗೆ ಮತ್ತೆ ಜೀವ ತುಂಬಿದವರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು (1682–1755). ಅವರ ಶಿಷ್ಯರಾದ ಗೋಪಾಲದಾಸರು (1721–1762) ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಮೂರನೆಯವರು ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು. ಮುಂದೆ ಜಗನ್ನಾಥದಾಸರೆನಿಸಿದವರು ಇವರೇ.

ಶ್ರೀನಿವಾಸಾಚಾರ್ಯರು ಮಂತ್ರಾಲಯ ಮಠದ ವರದೇಂದ್ರತೀರ್ಥರ ಬಳಿ ಶಾಸ್ತ್ರಾಧ್ಯಯನ ಮಾಡಿದರು. ಆ ಕಾಲದ ಓದಿನ ಕ್ರಮ ಗಟ್ಟಿಯಾದದ್ದು. ಮೊದಲು ಅಮರಕೋಶ, ಶಬ್ದರೂಪಗಳ ಕಂಠಪಾಠ. ಅನಂತರ ಕಾವ್ಯ, ವ್ಯಾಕರಣ, ತರ್ಕ. ಕೊನೆಗೆ ಗುರುಮುಖದಿಂದ ವೇದಾಂತ. ಕಲಿತದ್ದಕ್ಕೆ ಪರೀಕ್ಷೆ ಎಂದರೆ ಸಭೆಯಲ್ಲಿ ವಾಕ್ಯಾರ್ಥ. ಎಲ್ಲವೂ ಸಂಸ್ಕೃತದಲ್ಲೇ ನಡೆಯುತ್ತಿದ್ದುದರಿಂದ ಮನೆಯ ಹೆಂಗಸರಿಗಾಗಲಿ, ಊರಿನ ಒಕ್ಕಲಿಗಾಗಲಿ ಅದರಲ್ಲಿ ಪ್ರವೇಶವಿರಲಿಲ್ಲ. ಮಾನ್ವಿಯ ಆಚಾರ್ಯರೆಂದು ಹೆಸರಾದ ಮೇಲೆ ಅವರ ದಿನಚರಿಯೂ ಈ ಚೌಕಟ್ಟಿನಲ್ಲೇ ಸಾಗುತ್ತಿತ್ತು.

ಒಮ್ಮೆ ವಿಜಯದಾಸರು ಪ್ರಸಾದಕ್ಕೆ ಆಹ್ವಾನಿಸಿದಾಗ, ಹೊತ್ತು ಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುತ್ತದೆಂದು ಹೇಳಿ ಆಚಾರ್ಯರು ತಪ್ಪಿಸಿಕೊಂಡರಂತೆ. ನೆವವಾಗಿ ಹೇಳಿದ ನೋವು ನಿಜವಾಗಿಯೇ ಬಂತು. ಯಾವ ಔಷಧಕ್ಕೂ ಬಗ್ಗಲಿಲ್ಲ. ಕೊನೆಗೆ ವಿಜಯದಾಸರಿಗೇ ಶರಣಾದಾಗ ಅವರು ಗೋಪಾಲದಾಸರ ಬಳಿಗೆ ಕಳಿಸಿದರು. ಇಂದಿನ ತೆಲಂಗಾಣದ ಗದ್ವಾಲ ಸೀಮೆಯ ಉತ್ತನೂರಿನಲ್ಲಿದ್ದ ಗೋಪಾಲದಾಸರು ಜೋಳದ ರೊಟ್ಟಿ ಉಣಿಸಿ, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರು ಎಂಬುದು ಐತಿಹ್ಯ.

ಇದನ್ನು ಭಕ್ತರು ನಂಬುತ್ತಾರೆ. ಗೋಪಾಲದಾಸರು ನಲವತ್ತರ ಆಚೀಚೆ ತೀರಿಕೊಂಡದ್ದು, ಜಗನ್ನಾಥದಾಸರು ಎಂಬತ್ತು ದಾಟಿ 1809ರವರೆಗೆ ಬದುಕಿದ್ದು ಲೆಕ್ಕಕ್ಕೆ ಸರಿಯಾಗಿಯೇ ಹೊಂದುತ್ತದೆ. ಲೆಕ್ಕ ಹೊಂದಿದ್ದರಿಂದಲೇ ಕಥೆ ಬೆಳೆದಿರಲೂಬಹುದು. ಇಸವಿಗಳು ಹೇಳುವ ಇನ್ನೊಂದು ಸಂಗತಿಯತ್ತ ಮಾತ್ರ ಹೆಚ್ಚಿನವರ ಗಮನ ಹೋಗುವುದಿಲ್ಲ. ವಿಜಯದಾಸರು ತೀರಿಕೊಂಡಾಗ ಆಚಾರ್ಯರಿಗೆ 27 ವರ್ಷ. ಚಿತ್ರಪಟಗಳಲ್ಲಿ ಕಾಣುವ ವೃದ್ಧರಲ್ಲ, ಅಂದು ಸೊಕ್ಕು ತೋರಿದ್ದು ಆಗತಾನೇ ಪಾಂಡಿತ್ಯ ಗಳಿಸಿದ್ದ ಒಬ್ಬ ಯುವಕ.

ಪಂಢರಪುರದ ಚಂದ್ರಭಾಗೆಯಲ್ಲಿ ‘ಜಗನ್ನಾಥವಿಠಲ’ ಅಂಕಿತ ದೊರೆಯಿತೆಂದು ಹೇಳುತ್ತಾರೆ. ಅಂಕಿತ ಪಡೆಯುವುದೆಂದರೆ ಹೆಸರು ಬದಲಾಯಿಸುವುದಷ್ಟೇ ಅಲ್ಲ. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಹೆಗಲಿಗೆ ಜೋಳಿಗೆ. ಮನೆಮನೆಯ ಮುಂದೆ ಹಾಡಿ ಧಾನ್ಯ ಪಡೆಯುವ ಯಾಯಿವಾರ ದಾಸರ ನಿತ್ಯದ ಕೆಲಸ. ನಿನ್ನೆಯವರೆಗೆ ಶಿಷ್ಯರನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದವರು ಅದೇ ಬೀದಿಯಲ್ಲಿ ಕುಣಿಯುತ್ತ ಬರುವುದೆಂದರೆ ಪಂಡಿತವರ್ಗದ ಕಣ್ಣಲ್ಲಿ ಮರ್ಯಾದೆಯ ಪ್ರಶ್ನೆಯೇ ಆಗಿತ್ತು.

ಆದರೆ ಅವರು ಹಳೆಯ ಓದನ್ನು ಬಿಸಾಡಲಿಲ್ಲ. ವೇದಾಂತದ ಸಿದ್ಧಾಂತಗಳನ್ನೆಲ್ಲ ಕನ್ನಡಕ್ಕೆ ತಂದು, ಕುಮಾರವ್ಯಾಸನಿಂದ ಜನರ ಕಿವಿಗೆ ರೂಢಿಯಾಗಿದ್ದ ಭಾಮಿನಿ ಷಟ್ಪದಿಯಲ್ಲಿ ಮೂವತ್ತಕ್ಕೂ ಹೆಚ್ಚು ಸಂಧಿಗಳಲ್ಲಿ ಪೋಣಿಸಿದರು. ಓದು ಬಾರದವರೂ ಕೇಳಿ ನೆನಪಿಡಬಹುದಾದ ಛಂದಸ್ಸು ಅದು. ಇದರಲ್ಲಿ ಭೋಜನರಸವಿಭಾಗ ಎಂಬ ಒಂದು ಸಂಧಿಯೇ ಇದೆ. ಅನ್ನ, ಹಾಲು, ತುಪ್ಪ ಹೀಗೆ ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲೂ ಯಾವ ಭಗವದ್ರೂಪವನ್ನು ಚಿಂತಿಸಬೇಕೆಂದು ಅದು ತಿಳಿಸುತ್ತದೆ. ಸಭೆಯಲ್ಲಿ ಚರ್ಚೆಗೆ ಬರುತ್ತಿದ್ದ ವಿಷಯ ಹೀಗೆ ಅಡುಗೆಮನೆಗೆ ಬಂತು. ಅಡುಗೆ ಮಾಡುವವರು, ಬಡಿಸುವವರು ಯಾರೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ತ್ರಿಪದಿಯ ಧಾಟಿಯ ‘ತತ್ತ್ವಸುವ್ವಾಲಿ’ಯನ್ನೂ ಅವರು ರಚಿಸಿದರು. ಸುವ್ವಿ ಎಂಬುದು ಮೂಲತಃ ಕುಟ್ಟುವ ಹೆಂಗಸರ ಹಾಡು.

ಹಾಗೆಂದು ‘ಹರಿಕಥಾಮೃತಸಾರ’ ಸುಲಭದ ಕನ್ನಡವೇನಲ್ಲ. ಸಂಸ್ಕೃತ ಪದಗಳು ಒತ್ತೊತ್ತಾಗಿವೆ. ಅರ್ಥ ಹೇಳುವವರಿಲ್ಲದೆ ಅನೇಕ ಪದ್ಯಗಳು ಬಿಡಿಸಿಕೊಳ್ಳುವುದಿಲ್ಲ. ದೇವತೆಗಳಲ್ಲಿ, ಜೀವರಲ್ಲಿ ಮೇಲು ಕೆಳಗು ಹೇಳುವ ತಾರತಮ್ಯವನ್ನೂ ಅದು ಕಿಂಚಿತ್ತೂ ಸಡಿಲಿಸುವುದಿಲ್ಲ. ಆಚಾರ್ಯರು ಬದಲಿಸಿದ್ದು ಪಾಠದ ಭಾಷೆಯನ್ನು ಮತ್ತು ಕೇಳುಗರನ್ನು, ಸಿದ್ಧಾಂತವನ್ನಲ್ಲ. ಕುತೂಹಲದ ಸಂಗತಿಯೆಂದರೆ, ಮುಂದೆ ಈ ಕನ್ನಡ ಗ್ರಂಥಕ್ಕೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನ ಹುಟ್ಟಿತು.

ಅವರ ಶಿಷ್ಯರಲ್ಲಿ ಲಿಂಗಸುಗೂರಿನ ಪ್ರಾಣೇಶದಾಸರು ಪ್ರಮುಖರು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಲಿಂಗಸುಗೂರಿನಿಂದ ಗೊರಬಾಳ ಹನುಮಂತರಾಯರು ಹಸ್ತಪ್ರತಿಗಳಲ್ಲಿ ಚದುರಿಹೋಗಿದ್ದ ದಾಸರ ಕೃತಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಭಾದ್ರಪದ ಶುದ್ಧ ನವಮಿಯಂದು ಮಾನ್ವಿಯಲ್ಲಿ ಜಗನ್ನಾಥದಾಸರ ಆರಾಧನೆ ನಡೆಯುತ್ತದೆ. ಭಜನಾ ಮಂಡಳಿಯವರು ತಾಳ ಹಿಡಿದು ಹಾಡುವ ಪದಗಳು ಅಂದು ಆ ಊರಿನಲ್ಲಿ ಕೇಳಿಬರುತ್ತವೆ.